ಏಳನೇ ಹಾಸಿಗೆಯ ಪ್ರಾರ್ಥನೆ

ಕುಮಾಸಿ
ನವೆಂಬರ್ ೧೭

ಪ್ರೀತಿಯ ಸೆರ್ವಾ,

ನಿನಗೂ ನಿನ್ನ ಯಜಮಾನರಿಗೂ ಮಕ್ಕಳಿಗೂ ನನ್ನ ಸಲಾಮು. ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಮೆಮುನಾಗೆ ಜಂಬ ಬಂದಿದೆ ಎಂದು ಬೈದುಕೊಂಡಿರುತ್ತೀಯ, ಬೈದುಕೋ. ಫೋನು ಮಾಡೋಣವೆಂದು ಎಷ್ಟೋ ಸಲ ಕೈಗೆತ್ತಿಕೊಂಡೆ. ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ಅತ್ತರೆ ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ ಎಂದು ಕೆಳಗಿಟ್ಟೆ. ನಮ್ಮ ವಾರ್ಡಿನ ಸುದ್ದಿ ನಿನ್ನ ತವರಿನವರ ಬಾಯಲ್ಲಿ ಉಪ್ಪುಖಾರ ಹಚ್ಚಿಕೊಂಡು ಬರುವ ಮೊದಲು ನಾನೇ ಬರೆಯುತ್ತಿದ್ದೇನೆ. ಏಕೆಂದರೆ ಇದರಲ್ಲಿ ನಿನ್ನ ತಂಗಿ ಫ್ರೆಮಾ ಇದ್ದಾಳೆ. ಮುಂದಿನ ತಿಂಗಳು ನರ್ಸಿಂಗ್ ಕೌನ್ಸಿಲಿನವರು ನನ್ನನ್ನು ಕರೆದಿದ್ದಾರೆ. ನನ್ನ ಪರವಾನಗಿ ಉಳಿಯುವುದೂ ಹೋಗುವುದೂ ಅವಳ ಒಂದು ಮಾತಿನ ಮೇಲೆ ನಿಂತಿದೆ.

ನಮ್ಮ ವಾರ್ಡಿನಲ್ಲಿ ಬೆಳಗಿನ ಪಾಳಿ ಬದಲಾಗುವಾಗ ಹಾಡು, ಚಪ್ಪಾಳೆ, ಪ್ರಾರ್ಥನೆ ಇದ್ದದ್ದೇ. ಅದರ ಬಗ್ಗೆ ನನಗೆ ಯಾವತ್ತೂ ತಕರಾರು ಇರಲಿಲ್ಲ. ಹಾಸ್ಟೆಲಿನಲ್ಲಿ ನಿನ್ನ ಚರ್ಚಿನ ಲಂಗ ಇಸ್ತ್ರಿ ಮಾಡಿಕೊಡುತ್ತಿದ್ದವಳು ನಾನು. ರಂಜಾನಿನಲ್ಲಿ ನಸುಕಿಗೇ "ಏಳೇ ಸೋಮಾರಿ, ಗಂಜಿ ಆರೋಗ್ತಿದೆ" ಎಂದು ನನ್ನ ಹೊದಿಕೆ ಎಳೆಯುತ್ತಿದ್ದವಳು ನೀನು. ನಮ್ಮಿಬ್ಬರ ದೇವರುಗಳು ಆ ಪುಟ್ಟ ಕೋಣೆಯಲ್ಲಿ ಜಗಳವಾಡಿದ್ದನ್ನು ನಾನಂತೂ ನೋಡಲಿಲ್ಲ.

ಇಲ್ಲಿ ಹಾಗಲ್ಲ. ವಾರ್ಡಿನ ಹಿರಿಯ ನರ್ಸ್ ಮೇಡಂ ಡಾನ್ಸೊ ಬಂದ ಹೊಸತರಲ್ಲೇ ನನಗೆ ಹೇಳಿದ್ದರು: "ನೋಡಮ್ಮ, ನೀನು ಬಾಯಿ ಮುಚ್ಕೊಂಡು ನಮ್ ಮಧ್ಯೆ ನಿಂತ್ರೆ ಪ್ರಾರ್ಥನೆಗೆ ತಡೆ ಆಗತ್ತೆ. ಮುಗಿಯೋವರೆಗೂ ಬಾಗಿಲಾಚೆ ಇರು." ಆಯಿತೆಂದು ಬಾಗಿಲಾಚೆ ನಿಂತೆ. ಇತ್ತೀಚೆಗೆ "ನಮ್ಮ ನಡುವಿನ ಕತ್ತಲೆಯನ್ನ ಓಡಿಸಪ್ಪಾ" ಎನ್ನುವಾಗ ಅವರ ದನಿ ಬಾಗಿಲ ಕಡೆ ತಿರುಗುತ್ತಿತ್ತು. ಪ್ರಾರ್ಥಿಸಿ ತಂದ ಎಣ್ಣೆಯನ್ನು ಮಂಚದ ಸರಳುಗಳಿಗೆ, ಔಷಧದ ಗಾಡಿಗೆ, ಕೊನೆಗೆ ನನ್ನ ಕುರ್ಚಿಯ ಕೈಗಳಿಗೂ ಸವರುತ್ತಿದ್ದರು. ಧೂಳು ಹತ್ತಿ ಜಿಡ್ಡುಗಟ್ಟಿದ ಆ ಗಾಡಿಯ ಮೇಲೆ ನಾವು ಸೂಜಿ ಸಿದ್ಧಮಾಡಬೇಕು. ಒಂದು ದಿನ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ನನ್ನ ಪ್ಲಾಸ್ಟಿಕ್ ಕೆಟಲ್ಲಿನಲ್ಲೇ ಯಾರೋ ಬೆಡ್‌ಪ್ಯಾನ್ ತೊಳೆದು, ಮೂತಿಗೆ ಹೇಸಿಗೆ ಅಂಟಿದ್ದನ್ನು ಹಾಗೇ ಬಿಟ್ಟಿದ್ದರು. ಕೇಳಿದರೆ ಜೊತೆಯ ನರ್ಸುಗಳು, "ಅಯ್ಯೋ ಮೆಮುನಾ, ಎಲ್ಲಾ ನೀರೇ ಅಲ್ವಾ?" ಎಂದು ಕಿಸಕ್ಕನೆ ನಕ್ಕರು. ಕೆಟಲ್ ಎಸೆದು ಮನೆಗೆ ಬಂದೆ.

ಇದನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾಗದ್ದು ಇನ್ನೊಂದು. ಮೇಡಂ ಡಾನ್ಸೊ ಬಂದ ಮೇಲೆ ರಾತ್ರಿ ಪಾಳಿಯವರು ರೋಗಿಗಳ ವರದಿಯನ್ನು ಪ್ರಾರ್ಥನೆಯೊಳಗೇ ಹೇಳಿ ಮುಗಿಸುವ ಅಭ್ಯಾಸ ಬೆಳೆಯಿತು. "ಕರ್ತನೇ, ಮೂರನೇ ಹಾಸಿಗೆಯ ಅಜ್ಜಿಗೆ ಜ್ವರ ಇಳಿಸು, ಐದನೇ ಹಾಸಿಗೆಯವಳ ಗಾಯದ ಕೀವು ಒಣಗಿಸು," ಹೀಗೆ. ಕಣ್ಣುಮುಚ್ಚಿ ನಿಂತವರಿಗೆಲ್ಲ ಸುದ್ದಿ ಮುಟ್ಟುತ್ತಿತ್ತು. ಆಮೆನ್ ಅಂದ ಕೂಡಲೇ ರಾತ್ರಿಯವರು ಚೀಲ ಎತ್ತಿಕೊಂಡು ಬಸ್ಸಿಗೆ ಓಡುತ್ತಿದ್ದರು. ನಾನು ಒಬ್ಬೊಬ್ಬರ ಹಿಂದೆ ಹೋಗಿ, "ಹಾಸಿಗೆ ಹಾಸಿಗೆ ಹತ್ತಿರ ನಿಂತು ಹೇಳ್ರಮ್ಮಾ, ಆಮೇಲೆ ಎಷ್ಟು ಬೇಕಾದ್ರೂ ಪ್ರಾರ್ಥನೆ ಮಾಡಿ" ಎಂದು ಬೇಡುತ್ತಿದ್ದೆ. "ನಮ್ ದೇವರನ್ನ ಎರಡನೇ ಸಾಲಿಗೆ ಹಾಕ್ತೀಯಾ?" ಎಂದು ಮೇಡಂ ಬಾಯಿ ಮುಚ್ಚಿಸಿದರು.

ಅಕ್ಟೋಬರಿನ ಆ ದಿನ ರಾತ್ರಿ ಪಾಳಿ ಫ್ರೆಮಾಳದು. ಏಳನೇ ಹಾಸಿಗೆಯಲ್ಲಿ ಮಾಮೆ ಪೊಕುವಾ ಎಂಬ ಟೊಮೇಟೊ ವ್ಯಾಪಾರದ ಹೆಂಗಸು, ಹೊಟ್ಟೆಯ ಆಪರೇಶನ್ ಆದವಳು. ರಾತ್ರಿ ಕೊಟ್ಟ ಇಂಜೆಕ್ಷನ್ ಅವಳ ಮೈಗೆ ಒಗ್ಗದೆ ತುಟಿ ಊದಿತ್ತಂತೆ. ಫ್ರೆಮಾ ಡಾಕ್ಟರಿಗೆ ಫೋನು ಮಾಡಿ ಔಷಧ ನಿಲ್ಲಿಸಿದಳು, ಸರಿಯಾಗಿಯೇ ಮಾಡಿದಳು. ಆದರೆ ಚಾರ್ಟಿನಲ್ಲಿ ಅದನ್ನು ಗೆರೆ ಎಳೆದು ಹೊಡೆದುಹಾಕಲಿಲ್ಲ. ಬೆಳಿಗ್ಗೆ ಪ್ರಾರ್ಥನೆಯಲ್ಲಿ, "ತಂದೆಯೇ, ಆ ಔಷಧ ಏಳನೇ ಹಾಸಿಗೆಯ ತಾಯಿಯನ್ನು ಇನ್ನು ಮುಟ್ಟದಿರಲಿ" ಎಂದು ಕೇಳಿಕೊಂಡಳಂತೆ. ತಂದೆಗೆ ಕೇಳಿಸಿತು. ಒಳಗಿದ್ದವರಿಗೂ ಕೇಳಿಸಿತು. ಅವಳದು ಮೆಲುದನಿ, ಬಾಗಿಲಾಚೆ ನನಗೆ ಕೇಳಿಸಿದ್ದು ಚಪ್ಪಾಳೆ ಮಾತ್ರ. ನಾನು ಒಳಗೆ ಬರುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ತುಟಿಯ ಊತ ಅಷ್ಟರಲ್ಲಿ ಇಳಿದಿತ್ತು. ಚಾರ್ಟು ನೋಡಿ ನಾನು ಅದೇ ಇಂಜೆಕ್ಷನ್ ಕೊಟ್ಟೆ. ಸೂಜಿ ತೆಗೆಯುವಷ್ಟರಲ್ಲಿ ಮಾಮೆ ಪೊಕುವಾ ಗಂಟಲು ಹಿಡಿದುಕೊಂಡಳು. ಕಣ್ಣು ಮೇಲೆ ಹೋಯಿತು, ಮೈ ತಣ್ಣಗಾಯಿತು. ನಾನು ಕೂಗಿಕೊಂಡೆ. ಡಾಕ್ಟರು ಓಡಿಬಂದರು. ನಾನು ಅವಳ ಎದೆ ಒತ್ತುತ್ತಲೇ ಇದ್ದೆ, ಸೆರ್ವಾ. ಉಳಿದುಕೊಂಡಳು, ಅಲ್‌ಹಮ್ದುಲಿಲ್ಲಾ. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಗಾಬರಿಯಲ್ಲಿ, "ಅಯ್ಯೋ ಅಕ್ಕ, ಈಗ್ತಾನೆ ಪ್ರಾರ್ಥನೆಯಲ್ಲಿ ಹೇಳಿದ್ರಲ್ಲಾ!" ಅಂದಳು. ನನಗೆ ವಿಷಯ ತಿಳಿದದ್ದೇ ಆಗ.

ವಿಚಾರಣೆ ನಡೆಯಿತು. ಮೇಟ್ರನ್, ಆಡಳಿತಾಧಿಕಾರಿ, ಒಬ್ಬ ಡಾಕ್ಟರು. ಪ್ರಾರ್ಥನೆಯಲ್ಲಿ ವರದಿ ಹೇಳುವ ಕಥೆ ಹೊರಬಿದ್ದರೆ ಮೇಡಂ ಡಾನ್ಸೊರ ಕುರ್ಚಿ ಅಲುಗುತ್ತಿತ್ತು. ಆ ಗಾಬರಿಬಿದ್ದ ಹುಡುಗಿ ಸೇರಿದಂತೆ ಎಲ್ಲರೂ ಒಂದೇ ರಾಗ ಹಾಡಿದರು: "ಪ್ರಾರ್ಥನೆಯಲ್ಲಿ ಬರೀ ಪ್ರಾರ್ಥನೆ, ಸಾರ್." ಫ್ರೆಮಾಳನ್ನು ಕೇಳಿದರು, "ಇವರಿಗೆ ಹೇಳಿದ್ಯಾ ಇಲ್ವಾ?" ಅವಳು, "ಹೇಳ್ದೆ ಸಾರ್. ಏಳನೇ ಹಾಸಿಗೆ ಹತ್ರನೇ ನಿಂತು ಹೇಳ್ದೆ," ಅಂದಳು. ಅಧಿಕಾರಿ ಆಣೆಗೀಣೆ ಕೇಳಿರಲಿಲ್ಲ. ಮೇಡಮ್ಮೇ ಚೀಲದಿಂದ ಬೈಬಲ್ ತೆಗೆದು ಮುಂದಿಟ್ಟರು. ಅವಳು ಅದರ ಮೇಲೆ ಕೈಯಿಟ್ಟು ಅದನ್ನೇ ಮತ್ತೆ ಹೇಳಿದಳು. ನನ್ನನ್ನು ವಾರ್ಡಿನಿಂದ ತೆಗೆದು ಬಟ್ಟೆ ಉಗ್ರಾಣಕ್ಕೆ ಹಾಕಿದರು. ಈಗ ಹೊದಿಕೆ ಮಡಿಚುತ್ತೇನೆ.

ನಮ್ಮವರಾದರೂ ಮೇಲೆಂದುಕೊಂಡೆಯಾ? ನಮ್ಮ ಮುಸಲ್ಮಾನರ ಕೇರಿ ಜೊಂಗೊದಿಂದ ಚಿಕ್ಕಪ್ಪ ಬಾಬಾ ಸೂಲೆ ಹತ್ತು ಜನರನ್ನು ಕಟ್ಟಿಕೊಂಡು ಮನೆಗೆ ಬಂದ. "ರೇಡಿಯೋಗೆ ಹೋಗೋಣ, ಮುಸಲ್ಮಾನ್ ಹೆಣ್ಮಗಳಿಗೆ ಅವಮಾನ ಅಂತ ಊರೆಲ್ಲ ಸಾರೋಣ!" ಎಂದು ಮೀಸೆ ತಿರುವಿದ. ನಾನು, "ಬಾಬಾ, ಆ ಟೊಮೇಟೊದವಳು ಸಾಯ್ತಿದ್ಲಲ್ಲ, ಅದನ್ನೂ ಹೇಳ್ತೀಯಾ?" ಅಂದೆ. "ಯಾವ ಟೊಮೇಟೊ?" ಅಂದ. ಚಹಾ ಕೊಡದೆ ಕಳಿಸಿದೆ. ಅವರಿಗೆ ಅವರ ದೇವರು ದೊಣ್ಣೆ, ಇವನಿಗೆ ನಮ್ಮ ದೇವರು ದೊಣ್ಣೆ. ಎರಡು ಕಡೆಯವರನ್ನು ಕಂಡರೂ ವಾಕರಿಕೆ ಬರುತ್ತದೆ.

ಹೋದ ಭಾನುವಾರ ಫ್ರೆಮಾ ಬಂದಿದ್ದಳು. ಚರ್ಚಿನ ಬಿಳಿ ಉಡುಪಿನಲ್ಲೇ, ಕೈಯಲ್ಲಿ ಅಲಸಂದೆ ಹಾಕಿ ಬೇಯಿಸಿದ ಬಿಸಿ ವಾಚೆ ಅನ್ನದ ಡಬ್ಬಿ. ಕಾಲ ಬಳಿ ಕುಳಿತು ಗೋಳೋ ಎಂದು ಅತ್ತಳು. ಕಿತ್ತಳೆಹಣ್ಣಿಗೆ ಸೂಜಿ ಚುಚ್ಚಿಸಿ ನಾನೇ ಇಂಜೆಕ್ಷನ್ ಕಲಿಸಿದ ಕೂಸಲ್ಲವೇ, ತಲೆ ಸವರಿದೆ.

"ಅಕ್ಕ, ಪಾಸ್ಟರ್ ಹತ್ರ ಎಲ್ಲ ಹೇಳ್ಕೊಂಡೆ. ದೇವರು ಕ್ಷಮಿಸಿದಾನೆ. ಎಷ್ಟು ಹಗುರ ಆಯ್ತು ಗೊತ್ತಾ?"

"ಒಳ್ಳೇದಾಯ್ತು ಮರಿ. ಹಾಗಾದ್ರೆ ಕೌನ್ಸಿಲ್‌ಗೂ ಹೇಳು."

ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. "ಅದು ಬೇರೆ ಅಕ್ಕ. ಅಲ್ಲಿ ಹೇಳಿದ್ರೆ ನನ್ ಕೆಲಸ ಹೋಗತ್ತೆ."

ಆ ಡಬ್ಬಿಯನ್ನು ತೆರೆಯಲೂ ಇಲ್ಲ, ಅವಳ ಕೈಗೇ ವಾಪಸು ಕೊಟ್ಟೆ. ದೇವರು ಕ್ಷಮಿಸಿದನಂತೆ. ಏಟು ಬಿದ್ದದ್ದು ನನಗೆ, ಕ್ಷಮೆ ಕೊಟ್ಟವನು ಅವನು! ನನ್ನನ್ನು ಯಾರೂ ಕೇಳಲಿಲ್ಲ. ಥೂ, ಆ ಹಗುರವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಸೆರ್ವಾ, ಅವಳನ್ನು ಹೊಡೆಯಬೇಡ, ಬೈಯಲೂ ಬೇಡ. ಒಮ್ಮೆ ಎದುರಿಗೆ ಕೂರಿಸಿಕೊಂಡು ಕೇಳು. ನಿನಗೂ ಅವಳು ಸುಳ್ಳೇ ಹೇಳಿದರೆ ನನ್ನ ಬಳಿ ಬೇರೆ ದಾರಿಯಿಲ್ಲ. ಉಗ್ರಾಣದಲ್ಲೇ ಕೂದಲು ಹಣ್ಣಾಗುತ್ತದೆ, ಅದೂ ಉಳಿದರೆ.

ನಿನ್ನ ಮಕ್ಕಳು ಗಟ್ಟಿಯಾಗಿ ಬೆಳೆಯಲಿ. ನಿನ್ನ ಮನೆಯ ಅನ್ನ ಯಾವತ್ತೂ ಬಿಸಿಯಾಗಿರಲಿ.

ನಿನ್ನವಳೇ,
ಮೆಮುನಾತು

ಮತ್ತೆ: ಕಾಗದ ಮಡಿಚಿದವಳು ಪುನಃ ಬಿಚ್ಚಿದೆ. ಅವಳು ಸುಳ್ಳು ಹೇಳಿದಳೆಂದು ನನಗೆ ಅಷ್ಟು ನೋವಿಲ್ಲ, ಹೆದರಿದವರು ಹೇಳುತ್ತಾರೆ. ಮೇಡಂ ಬೈಬಲ್ ಮುಂದಿಟ್ಟಾಗ ನನಗೆ ಏನಾಯಿತು ಗೊತ್ತೇ? ನೆಮ್ಮದಿಯಾಯಿತು. ಸದ್ಯ, ಬದುಕಿಕೊಂಡೆ ಅಂದುಕೊಂಡೆ. ಸೆರ್ವಾಳ ತಂಗಿ ಆ ಪುಸ್ತಕ ಮುಟ್ಟಿ ಸುಳ್ಳಾಡುವವಳಲ್ಲ ಎಂದು ಕುರ್ಚಿಗೆ ಒರಗಿ ಕುಳಿತೆ. ಅವಳು ಕೈಯಿಟ್ಟಳು. ನನ್ನ ಮುಖ ನೋಡುತ್ತಲೇ ಹೇಳಿದಳು. ಆ ಕೋಣೆಯಲ್ಲಿ ನಿಮ್ಮ ಬೈಬಲನ್ನು ನಂಬಿದ್ದವಳು ನಾನೊಬ್ಬಳೇ, ಸೆರ್ವಾ.