ಅಂಬುಜಾ ಹಪ್ಪಳ ಉದ್ಯಮದ ಉದಯಾಸ್ತ

ವಡಪಳನಿ, ಮದರಾಸು
೧೫ ಏಪ್ರಿಲ್ ೧೯೫೮

ಪ್ರೀತಿಯ ಅಂಬುಜಾ,

ಈ ಮೂಲಕ ಸಮಸ್ತ ಮದರಾಸು ಪ್ರಾಂತ್ಯಕ್ಕೂ, ವಿಶೇಷವಾಗಿ ನಿನಗೂ ತಿಳಿಯಪಡಿಸುವುದೇನೆಂದರೆ: ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಮುಂಬಾಗಿಲಿನ ಮೇಲೆ ಒಂದು ಬೋರ್ಡು ಏರಿತು, ಅದೇ ಸಂಜೆ ಇಳಿಯಿತು. ಏರಿದ್ದಕ್ಕೆ ಕಾರಣ ನನ್ನ ಬುದ್ಧಿ. ಇಳಿದದ್ದಕ್ಕೂ ಅದೇ. ಆದರೆ ಮೊದಲು ನಿನ್ನ ಕ್ಷೇಮ. ಬೆನ್ನುನೋವು ಕಡಿಮೆಯಾಯಿತೇ? ತವರಿನಲ್ಲಿ ಅತ್ತೆ ಕೊಡುವ ಕಷಾಯವನ್ನು ಕಿಟಕಿಯಿಂದಾಚೆ ಚೆಲ್ಲದೆ ಕುಡಿಯುತ್ತಿದ್ದೀಯಾ? ಕೂಸಿಗೆ ನನ್ನ ಮೂಗು ಬಂದಿದೆ ಎಂದು ಬರೆದಿದ್ದೀಯ. ಹೆಣ್ಣುಮಗು, ಪಾಪ, ದೊಡ್ಡದಾಗುವಷ್ಟರಲ್ಲಿ ಮುಖ ಅದಕ್ಕೆ ಹೊಂದಿಕೊಂಡೀತು.

ಇನ್ನು ಬೋರ್ಡು. ನಮ್ಮ ವಿಮಾ ಕಂಪೆನಿಯನ್ನು ಸರ್ಕಾರ ತೆಗೆದುಕೊಂಡಾಗಿನಿಂದ ನಾನು ಒಡೆತನ ಎಂಬ ವಿಷಯದಲ್ಲಿ ಮಹಾಪಂಡಿತನೆಂಬುದು ನಿನಗೆ ಗೊತ್ತೇ ಇದೆ. ಖಾಸಗಿ ನೌಕರನಾಗಿ ಮಲಗಿ ಸರ್ಕಾರಿ ನೌಕರನಾಗಿ ಎದ್ದವನು. ಕುರ್ಚಿ ಅದೇ, ಅದರ ತಿಗಣೆಗಳೂ ಅವೇ, ಒಡೆಯ ಮಾತ್ರ ಬೇರೆ. ಅಂದಿನಿಂದ ಯಾವ ಅಂಗಡಿ ಕಂಡರೂ, ಇದು ಒಬ್ಬನ ಸ್ವಂತದ್ದೋ, ಪಾಲುದಾರಿಕೆಯೋ, ಸಹಕಾರ ಸಂಘವೋ, ಲಿಮಿಟೆಡ್ ಕಂಪೆನಿಯೋ ಎಂದು ವಿಂಗಡಿಸದೆ ಒಳಗೆ ಕಾಲಿಟ್ಟವನಲ್ಲ. ಟಿ. ನಗರದಲ್ಲಿ ನೀನು ಸೀರೆಯ ಸೆರಗು ನೋಡುತ್ತಿದ್ದರೆ ನಾನು ಬೋರ್ಡಿನ ಕೊನೆಯಲ್ಲಿ ‘ಅಂಡ್ ಸನ್ಸ್’ ಇದೆಯೇ ಎಂದು ನೋಡುತ್ತಿದ್ದೆ. ಇಂಥವನ ಕಣ್ಣು ನಿಮ್ಮ ಹಪ್ಪಳದ ಮೇಲೆ ಬಿತ್ತು.

ಪ್ರತಿ ಬೇಸಗೆ ನೀವು ಗೆಳತಿಯರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಹಪ್ಪಳ ಮಾಡುವವರು: ನೀನು, ಪಕ್ಕದ ರೈಲ್ವೆಯವರ ಮನೆಯ ಶಾರದಮ್ಮ, ಹಿಂದಿನ ಮನೆಯ ನಮ್ಮೂರ ಕಡೆಯ ಜಲಜಾಕ್ಷಿ, ಸಿನಿಮಾ ಸ್ಟುಡಿಯೋ ಬಡಗಿಯ ಹೆಂಡತಿ ಬೇಬಿ. ಯಾರ ಮನೆಯ ಸರದಿಯೋ ಅವರದೇ ಉದ್ದು, ಅವರದೇ ಊಟ, ಹಪ್ಪಳವೂ ಅವರದೇ. ಈ ವರ್ಷ ಜಲಜಾಕ್ಷಿಯ ಗಂಡ ಕೆಲಸ ಮಾಡುವ ಹೋಟೆಲಿನವರು, ಮಿಕ್ಕದ್ದನ್ನು ನಮಗೆ ಕೊಡಿ ಎಂದರಂತೆ. ಮಿಕ್ಕದ್ದು! ಮಿಕ್ಕದ್ದನ್ನು ಮಾರಿ ಉದ್ಧಾರವಾದ ಉದ್ಯಮ ಭೂಮಿಯ ಮೇಲುಂಟೇ? ನೀನಿಲ್ಲದಿದ್ದರೂ ಮೊದಲ ಸರದಿ ನಮ್ಮ ಮನೆಗೇ ಎಂದು ಶಾರದಮ್ಮ ಹೇಳಿ ಕಳಿಸಿದ್ದೇ ತಡ, ನಾನು ಓಡಿಹೋಗಿ ಬೋರ್ಡು ಬರೆಸಿದೆ: ‘ಅಂಬುಜಾ ಹಪ್ಪಳ ಉದ್ಯಮ. ಮಾಲೀಕರು: ವಿಷ್ಣುಮೂರ್ತಿ.’ ಹೆಸರು ನಿನ್ನದು, ಒಡೆತನ ನನ್ನದು. ಆಗ ಅದು ನನಗೆ ಗಂಡನ ಔದಾರ್ಯದಂತೆಯೇ ಕಂಡಿತ್ತು.

ಮೂವರೂ ಬಂದು, ಬೋರ್ಡು ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ‘ಸಾರ್ ಪೆರಿಯ ಮುದಲಾಳಿ ಆಗ್ಬಿಟ್ರು’ ಎಂದು ಬೇಬಿ ಛೇಡಿಸಿದಳು. ದೊಡ್ಡ ಧಣಿ ಎಂದದ್ದನ್ನು ನಾನು ಬಿರುದೆಂದೇ ಸ್ವೀಕರಿಸಿದೆ. ಅವರು ಹಿಟ್ಟು ಕುಟ್ಟಿದರು, ಉಂಡೆ ಕಟ್ಟಿದರು, ಬಿಸಿಲು ಏರುವ ಮೊದಲೇ ಅರ್ಧ ತಾರಸಿ ತುಂಬಿಸಿದರು. ಮಧ್ಯಾಹ್ನ ಬೆವರೊರೆಸಿಕೊಳ್ಳುತ್ತ ಕೈತೊಳೆದು ಬಂದು ಕೂತರು. ಎಲೆ ಹಾಕುವ ಹೊತ್ತು. ನಾನು ಎಲೆ ಹಾಕಲಿಲ್ಲ. ಒಬ್ಬೊಬ್ಬರ ಕೈಗೆ ಒಂದೊಂದು ಕವರು ಕೊಟ್ಟೆ. ಕೂಲಿ ಕೊಟ್ಟ ಮೇಲೆ ಊಟವೇಕೆ ಎಂಬುದು ಉದ್ಯಮದ ಲೆಕ್ಕಾಚಾರ.

‘ಇದೆಂತ ಮಾರಾಯ್ರೆ?’ ಎಂದಳು ಜಲಜಾಕ್ಷಿ. ಇವತ್ತಿನ ಕೂಲಿ ಎಂದೆ. ಮೂವರೂ ಕವರನ್ನು ಕೈಯಲ್ಲೇ ತಿರುವಿ ನೋಡಿದರು. ಸಂತೋಷದಿಂದ ಮೂಕರಾದರೆಂದೇ ನಾನು ತಿಳಿದೆ, ನೋಡು. ‘ಬಾಣಂತಿ ಅವಳು, ಈ ಸಲ ಅವಳ ಮನೇಲಿ ಹಪ್ಪಳ ತಪ್ಪಬಾರದು ಅಂತ ಬಂದ್ವಿ ಕಣ್ರೀ. ಕೂಲಿಗೆ ಬಂದ್ವಾ?’ ಎಂದರು ಶಾರದಮ್ಮ. ‘ನಮ್ಮನ್ನ ವೇಲೈಕ್ಕಾರಿ, ಮನೆಗೆಲಸದವಳು ಅಂತ ನೆನಚ್ಬಿಟ್ರಾ ಸಾರ್?’ ಎಂದ ಬೇಬಿಯ ಕಣ್ಣಲ್ಲಿ ನೀರಿತ್ತು. ಕವರುಗಳನ್ನು ಕಿಟಕಿಯ ಮೇಲಿಟ್ಟು, ಹಸಿದ ಹೊಟ್ಟೆಯಲ್ಲೇ ಹೊರಟುಹೋದರು. ಉಳಿದ ಹಿಟ್ಟು ಸಂಜೆಗೆ ಹುಳಿ ನಾರತೊಡಗಿತು. ಕಾಗೆ ಕೂಡ ಮೂಸಲಿಲ್ಲ. ಬೋರ್ಡನ್ನು ನಾನೇ ಇಳಿಸಿದೆ.

ನಿನ್ನೆ ಕಚೇರಿಯಿಂದ ಬಂದವನೇ ಶಾರದಮ್ಮನ ಮನೆಗೆ ಹೋದೆ. ಮೂವರೂ ಅಲ್ಲೇ ಇದ್ದರು. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ; ಹೊರಬಂದದ್ದು ಪಾಲುದಾರಿಕೆ. ನಾಲ್ವರಿಗೂ ಸಮಪಾಲು ಎಂದೆ. ಬೇಬಿ ಮುಖ ತಿರುಗಿಸಿದಳು. ಹಾಗಾದರೆ ಸಹಕಾರ ಸಂಘ, ಒಬ್ಬರಿಗೊಂದು ಓಟು, ಶಾರದಮ್ಮನವರೇ ಅಧ್ಯಕ್ಷರು ಎಂದೆ. ಕೂತುಕೊಳ್ಳಿ ಎಂದೂ ಯಾರೂ ಹೇಳಲಿಲ್ಲ. ಗಾಬರಿಯಲ್ಲಿ ಲಿಮಿಟೆಡ್ ಕಂಪೆನಿಯವರೆಗೂ ಹೋದೆ. ಹಪ್ಪಳವನ್ನು ರಾಷ್ಟ್ರೀಕರಣ ಮಾಡುವುದೊಂದೇ ಬಾಕಿ ಉಳಿದಾಗ ಜಲಜಾಕ್ಷಿ, ‘ಅಂಬುಜಕ್ಕ ಈ ಮನುಷ್ಯನೊಟ್ಟಿಗೆ ಹೇಗೆ ಬಾಳುವೆ ಮಾಡ್ತಾರೋ!’ ಎಂದಳು. ಹೇಗೆ ಮಾಡುತ್ತೀ, ಅಂಬುಜಾ?

ನಗಿಸಿ ಪಾರಾಗುವ ನನ್ನ ವಿದ್ಯೆ ಅಲ್ಲಿ ನಡೆಯಲಿಲ್ಲ. ತಲೆ ತಗ್ಗಿಸಿ ಬಂದೆ. ಈ ಕಾಗದದಲ್ಲೂ ಇಷ್ಟು ಹೊತ್ತು ತಮಾಷೆ ಮಾಡಿದ್ದು ನಾಚಿಕೆ ಮುಚ್ಚಿಕೊಳ್ಳಲಿಕ್ಕೆ. ನಿನ್ನ ಮೇಲಿನ ಅಕ್ಕರೆಯಿಂದ ಬಂದವರಿಗೆ ಬೆಲೆ ಕಟ್ಟಿ ಕೈಗಿಟ್ಟೆನಲ್ಲ. ನೀನು ಕೂಸನ್ನೆತ್ತಿಕೊಂಡು ಬಂದ ದಿನ ಆ ಮೂರು ಮನೆಯ ಬಾಗಿಲು ನಿನಗೆ ತೆರೆಯದೆ ಹೋದರೆ ಎಂದು ರಾತ್ರಿಯೆಲ್ಲ ಅದೇ ಯೋಚನೆ. ಬೈದು ಬರೆ, ಬೈಗುಳ ಬರುವ ತನಕ ಸಮಾಧಾನವಿಲ್ಲ.

ಅತ್ತೆ ಮಾವನವರಿಗೆ ನನ್ನ ನಮಸ್ಕಾರ ಹೇಳು. ಕೂಸಿನ ನೆತ್ತಿ ಸವರಿ, ಅಪ್ಪನ ಆಶೀರ್ವಾದ ಎನ್ನು.

ಇತಿ ನಿನ್ನ
ವಿಷ್ಣುಮೂರ್ತಿ

ತಾ.ಕ.: ಟಪ್ಪಾಲು ಎತ್ತುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಶಾರದಮ್ಮ ಈಗಷ್ಟೇ ಮೆಟ್ಟಿಲ ತನಕ ಬಂದು ಹೇಳಿ ಹೋದರು: ‘ಬರೋ ಭಾನುವಾರ ನಮ್ಮನೆ ಸರದಿ. ನಿಮ್ಮನೇಲಿ ನಾವು ಮಾಡಿದ್ದೀವಿ, ನಿಮ್ಮನೆಯಿಂದ ಒಬ್ರು ಬರಲೇಬೇಕು. ಬಾಣಂತಿ ಬರೋಕಾಗಲ್ಲ. ಇನ್ಯಾರಿದ್ದಾರೆ ಮನೇಲಿ?’ ನಾನಿದ್ದೇನೆ, ಬರುತ್ತೇನೆ ಎಂದೆ. ಅವರು ನಗಲಿಲ್ಲ. ಆದರೆ ‘ಊಟ ಅಲ್ಲೇ’ ಎಂದರು. ಅವರವರ ಲಟ್ಟಣಿಗೆ ಅವರವರೇ ತರಬೇಕಂತೆ. ಅಡುಗೆಮನೆಯೆಲ್ಲ ಜಾಲಾಡಿದೆ, ಸಿಗಲಿಲ್ಲ. ಎಲ್ಲಿಟ್ಟಿದ್ದೀ ಎಂದು ಮರುಟಪ್ಪಾಲಿಗೆ ಒಂದು ಸಾಲು ಬರೆ.