ಹೊಲಿಗೆಗೊಂದು ಮೊರೆ

ಅಪ್ಪನಿಗೆ ನಮಸ್ಕಾರ.

ಜ್ವರ ನೆತ್ತಿಗೇರಿ ನಿಮ್ಮ ಮೊಮ್ಮಗಳು ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಇಂದಿಗೆ ಆರು ದಿನ. ನೀವು ಕಲಿಸಿದ ಪ್ರಾರ್ಥನೆ ಹೇಳಹೋದರೆ ಎರಡನೇ ಸಾಲಿಗೇ ನಾಲಿಗೆ ತಡವರಿಸುತ್ತದೆ. ಕಲಿಸುವಾಗ ನಾನು ಬರೀ ನಗುತ್ತಿದ್ದೆನಲ್ಲ.

ಕೈ ಸುಮ್ಮನಿರದೆ, ಅವಳ ಫ್ರಾಕಿನ ಬಿಚ್ಚಿದ ಅಂಚು ಹೊಲಿಯಲು ಕೂತೆ. ಒಂದೊಂದು ಹೊಲಿಗೆಗೂ "ಇವಳನ್ನ ಉಳಿಸಿಕೊಡು" ಎಂದೆ.

ನರ್ಸ್ ಕೇಳಿದಳು, "ಯಾರ ಹತ್ರ ಮಾತಾಡ್ತಿದ್ದೀರಮ್ಮಾ?"

"ಯಾರು ಕೇಳಿಸ್ಕೊಳ್ತಾರೋ ಅವರ ಹತ್ರ."

ಫ್ರಾಕು ಮುಗಿಯಿತು. ಈಗ ವಾರ್ಡಿನ ಹರಿದ ದಿಂಬಿನ ಚೀಲಗಳನ್ನೆಲ್ಲ ಕೇಳಿ ಪಡೆದು ಹೊಲಿಯುತ್ತಿದ್ದೇನೆ. ಇದೆಂಥ ಪ್ರಾರ್ಥನೆ ಎಂದು ನಿಮಗೆ ಅನಿಸಿದರೆ, ದಯವಿಟ್ಟು ನನ್ನೆದುರು ಹೇಳಬೇಡಿ.

ಬೇಗ ಬನ್ನಿ. ಬರುವಾಗ ಬಿಳಿ ದಾರದ ರೀಲು ಎರಡು ತನ್ನಿ. ನಿಲ್ಲಿಸಲು ಭಯವಾಗುತ್ತಿದೆ.

ನಿಮ್ಮ ಮಗಳು