ಶಾಲೆಯ ಕುರ್ಚಿ

ನಾಪೋಕ್ಲು
೧೬-೨-೧೯೩೫

ಸಹಕಾರ ಸಂಘದ ಇನ್ಸ್‌ಪೆಕ್ಟರ್ ಸಾಹೇಬರಲ್ಲಿ ಇಲ್ಲಿನ ಶಾಲೆಯ ಉಪಾಧ್ಯಾಯ ವೆಂಕಪ್ಪಯ್ಯನ ಅರಿಕೆ.

ಗಂಡ ತೀರಿಕೊಂಡ ಮೇಲೆ ಅಡಮಾನದ ಕಂತು ಕಟ್ಟಲಾಗದ ಬೋಜಮ್ಮನಿಗೆ ವಾಯಿದೆ ಕೇಳಿ ಅರ್ಜಿ ಬರೆದುಕೊಟ್ಟವನು ನಾನೇ. ತಾವು ಬಂದು ಮನೆ ನೋಡಿ ಹೋದಿರಿ. ‘ಅರ್ಜಿದಾರಳು ಅನುಕೂಲಸ್ಥೆ, ವಾಯಿದೆ ಬೇಕಿಲ್ಲ, ಮನೆ ಹರಾಜಾಗಲಿ’ ಎಂಬ ತಮ್ಮ ಕಾಗದ ನಿನ್ನೆ ಬಂತು.

ತಪ್ಪು ನನ್ನದು. ತಾವು ಬರುವ ದಿನ ತಿಳಿದಾಗ, ಮನೆ ಚೊಕ್ಕವಾಗಿರಲಿ ಎಂದು ಆಕೆಗೆ ಹೇಳಿದ್ದೆ. ಆಕೆ ಗೋಡೆಗೆ ಸುಣ್ಣ ಬಳಿದಳು. ತಾವು ಕುಳಿತ ಕುರ್ಚಿ ನಮ್ಮ ಶಾಲೆಯದು, ಅದರ ಬೆನ್ನಿಗೆ ನಂಬರು ಬರೆದಿದೆ. ಬೆಳ್ಳಿ ಲೋಟ ಪಟೇಲರ ಮನೆಯದು. ಊಟಕ್ಕೆ ಕೊಯ್ದದ್ದು ಮನೆಯಲ್ಲಿ ಮೊಟ್ಟೆಯಿಡುತ್ತಿದ್ದ ಒಂದೇ ಕೋಳಿ.

ಇದನ್ನೆಲ್ಲ ನಾನು ಆಗಲೇ ತಮಗೆ ಹೇಳಬಹುದಿತ್ತು. “ಮನೆಗೆ ಬಂದವರಿಗೆ ಬರೀ ನೀರು ಕೊಟ್ಟು ಕಳಿಸೋದು ಹೇಗೆ ಮೇಷ್ಟ್ರೇ” ಅಂದವಳಿಗೆ ಶಾಲೆಯ ಬೀಗ ತೆಗೆದು ಕುರ್ಚಿ ಕೊಟ್ಟವನೂ ನಾನೇ.

ದಯವಿಟ್ಟು ಇನ್ನೊಮ್ಮೆ ಬರಬೇಕು. ಮುಂಚಿತವಾಗಿ ಯಾರಿಗೂ ತಿಳಿಸಬೇಡಿ, ನನಗೂ ಬೇಡ. ಶಾಲೆಯ ಬೀಗ ತೆಗೆಯುವ ಮೊದಲೇ ಬಂದರೆ ಕುರ್ಚಿ ಸಿಗುವುದಿಲ್ಲ.

ಆದರೂ ಗದ್ದೆಯ ಏರಿ ಮೇಲೆ ತಮ್ಮ ಟೋಪಿ ಕಂಡರೆ ಸಾಕು, ಆಕೆ ಹಿಂಬಾಗಿಲಿನಿಂದ ಕಾಫಿಪುಡಿ ಕೇಳಲು ಓಡುತ್ತಾಳೆ. ಅದನ್ನು ತಡೆಯುವುದು ನನ್ನಿಂದಾಗದು. ಆಕೆ ವಾಪಸು ಬರುವುದರೊಳಗೆ ತಾವು ಅಡಿಗೆಮನೆಗೆ ಹೋಗಿ, ಡಬ್ಬಿಗಳ ಮುಚ್ಚಳ ತೆಗೆದು ನೋಡಬೇಕು.

ತಮ್ಮ ವಿಧೇಯ,
ವೆಂಕಪ್ಪಯ್ಯ